ಗಯಾಜ್ ಭಾಯ್ ಕೊಟ್ಟ ದೋಣಿ ಆಟ

ಸಲಹೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೇಳುತ್ತಾರೆ, ತಲೆ ಆಡಿಸುತ್ತಾರೆ, ಖಂಡಿತ ನೋಡ್ತೀನಿ ಅನ್ನುತ್ತಾರೆ, ಆಮೇಲೆ ಊರೆಲ್ಲ ಕೊಂಡದ್ದನ್ನೇ ಕೊಂಡು ಮನೆಗೆ ಹೋಗುತ್ತಾರೆ. ಹೋಟೆಲಿನಲ್ಲಿ ಸಪ್ಲೈಯರ್ ಬಾಯಿಂದ ತಿಂಡಿಯ ಪಟ್ಟಿಯನ್ನೆಲ್ಲ ಹೇಳಿಸಿ ಕೊನೆಗೆ ಮಸಾಲೆ ದೋಸೆ ಅನ್ನುವ ಜನ ಇವರು. ತಿನ್ನಲಿ, ಬೇಡ ಅಂದವರು ಯಾರು? ಆದರೆ ಅಷ್ಟು ಹೇಳಿಸಿದ್ದು ಯಾಕೆ? ಶಿವಾಜಿನಗರದ ಗಯಾಜ್ ಭಾಯ್ ಇಂಥವರನ್ನು ಇಪ್ಪತ್ತೆಂಟು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದಾರೆ. ಅವರಿಗೆ ಬಾರದ ಸಿಟ್ಟೆಲ್ಲ ನನಗೆ ಬರುತ್ತದೆ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಎಡಕ್ಕೆ ಪರದೆ ಬಟ್ಟೆಯವರು, ಬಲಕ್ಕೆ ಮಿಕ್ಸಿ ರಿಪೇರಿಯವರು, ನಡುವೆ ಇಬ್ಬರು ಅಕ್ಕಪಕ್ಕ ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕಾದಷ್ಟು ಜಾಗ. ಅಪ್ಪನ ಕಾಲದಲ್ಲಿ ಅಲ್ಲಿ ಗಡಿಯಾರ ರಿಪೇರಿ ನಡೆಯುತ್ತಿತ್ತು. ಮಗ ಟಿ.ವಿ. ಗೇಮಿನ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವುದರಿಂದ ಶುರು ಮಾಡಿ, ಈಗ ಹಳೆಯ ವಿಡಿಯೋ ಗೇಮ್ ಸಿಡಿಗಳನ್ನು ಕೊಂಡು ಮಾರುತ್ತಾರೆ. ವಯಸ್ಸು ಐವತ್ತೆರಡು. ಮೂಗಿನ ತುದಿಯಲ್ಲಿ ಕನ್ನಡಕ, ಮೆಲುದನಿ. ಪಕ್ಕದಲ್ಲಿ ಮಿಕ್ಸಿ ಗಿರ್ ಅಂದಾಗಲೂ ದನಿ ಏರಿಸುವುದಿಲ್ಲ. ಅದು ನಿಲ್ಲುವವರೆಗೆ ಕಾದು, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಾರೆ.

ಅಂಗಡಿಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿಗೆ ಬೇಕಾದದ್ದು ಎರಡೇ. ಒಂದು ಫುಟ್‌ಬಾಲ್, ಇನ್ನೊಂದು ಬಂದೂಕು ಹಿಡಿದು ಓಡುವ ಆಟ. ಭಾಯ್ ಅದನ್ನು ಕೊಡುತ್ತಾರೆ. ಕೊಟ್ಟ ಮೇಲೆ ಇವತ್ತು ಯಾವ ಬಸ್ಸಲ್ಲಿ ಬಂದಿರಿ, ಕೂರೋಕೆ ಜಾಗ ಸಿಕ್ತಾ, ಕಿಟಕಿ ಪಕ್ಕ ಕೂತಿರಾ, ಹೀಗೆ ಏನೋ ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು ಹಿಂದಿನ ಗೂಡಿಗೆ ಕೈ ಹಾಕಿ, ಯಾರೂ ಹೆಸರು ಕೇಳಿರದ ಒಂದು ಆಟವನ್ನು ತೆಗೆದು, ಜೊತೆಗೆ ಇದೂ ಇರಲಿ ಎಂದು ಚೀಲಕ್ಕೆ ಹಾಕುತ್ತಾರೆ. ಅದಕ್ಕೆ ದುಡ್ಡಿಲ್ಲ. ಆಡಿ ವಾಪಸ್ ತಂದುಕೊಟ್ಟರೆ ಸಾಕು. ತಾವೇ ಆಡಿ ಮುಗಿಸದ ಯಾವ ಆಟವನ್ನೂ ಅವರು ಹೀಗೆ ಕೊಟ್ಟವರಲ್ಲ.

ವಾಪಸ್ ಕೊಡುವಾಗ ಒಂದು ಕಟ್ಟಳೆ. ಪ್ರತಿ ಡಬ್ಬಿಯೊಳಗೂ ಮಡಿಸಿದ ಒಂದು ಹಾಳೆ ಇರುತ್ತದೆ. ಅದರ ತಲೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಒಂದೇ ಪ್ರಶ್ನೆ: ಎಲ್ಲಿ ನಿಲ್ಲಿಸಿದಿರಿ? ಅಷ್ಟನ್ನು ಬರೆಯಲೇಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯಲು ಜಾಗವೇ ಇಲ್ಲ. ಯಾಕೆ ಹೀಗೆ ಎಂದು ಮೊದಲ ಸಲ ನಾನು ಕೇಳಿದಾಗ ಅವರು ಕನ್ನಡಕ ಮೇಲೆ ತಳ್ಳಿಕೊಂಡರು.

"ಚೆನ್ನಾಗಿಲ್ಲ ಅಂತ ಯಾರು ಬೇಕಾದ್ರೂ ಹೇಳ್ಬೋದು ಮೇಡಂ. ಎಲ್ಲಿ ಬಿಟ್ರಿ ಅಂತ ಹೇಳಿದ್ರೆ, ಮುಂದಿನ ಸಲ ನಿಮ್ಗೆ ಏನು ಕೊಡ್ಬೇಕು ಅಂತ ನಂಗೆ ಗೊತ್ತಾಗತ್ತೆ."

ಇನ್ನೊಂದು ಕಟ್ಟಳೆಯೂ ಉಂಟು. ಒಂದು ಆಟವನ್ನು ಮುಗಿಸದವರು ಒಬ್ಬರು ಅಂಗಡಿಯಲ್ಲಿದ್ದರೂ ಆ ಆಟದ ಕೊನೆಯ ಮಾತು ಎತ್ತುವಂತಿಲ್ಲ. ಯಾರಾದರೂ ಬಾಯಿ ತೆರೆದರೆ ಭಾಯ್ ಟ್ರಾಫಿಕ್ ಪೊಲೀಸಿನವನಂತೆ ಅಂಗೈ ಎತ್ತುತ್ತಾರೆ. ಎಂಥ ವಾಚಾಳಿಯೂ ಅಲ್ಲಿಗೆ ಬಾಯಿ ಮುಚ್ಚುತ್ತಾನೆ.

ನಾನು ಆ ಗಲ್ಲಿಗೆ ಮೊದಲು ಹೋದದ್ದು ನಾಲ್ಕು ವರ್ಷದ ಹಿಂದೆ. ಹೆಸರು ಆಶ್ರಿತಾ, ಮನೆ ಜೀವನ್ ಬಿಮಾ ನಗರ, ಕೆಲಸ ಮಹದೇವಪುರದ ಒಂದು ಕಂಪನಿಯಲ್ಲಿ. ಆರೋಗ್ಯ ವಿಮೆಯ ಕ್ಲೇಮುಗಳಲ್ಲಿ ಸುಳ್ಳು ಯಾವುದು ಎಂದು ಹಿಡಿಯುವುದೇ ನನ್ನ ಕೆಲಸ. ಮೂರನೇ ತಾರೀಕು ಆಸ್ಪತ್ರೆ ಸೇರಿದವರಿಗೆ ಎರಡನೇ ತಾರೀಕು ಡ್ರಿಪ್ ಹಾಕಿದ ಬಿಲ್ಲು ಬಂದರೆ ನನ್ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಆಫೀಸಿನವರೆಲ್ಲ ಆಡುತ್ತಾರೆಂದು ನಾನೂ ಆ ಬಂದೂಕಿನ ಆಟ ಕೇಳಿದೆ. ಭಾಯ್ ಕೊಟ್ಟರು. ಕೆಲಸದಲ್ಲಿ ದಿನವಿಡೀ ಏನು ಮಾಡ್ತೀರಿ ಎಂದು ಕೇಳಿದರು. ಹೇಳಿದೆ. ಒಂದು ಹಳೆಯ ಲೈಬ್ರರಿಯಲ್ಲಿ ತಪ್ಪು ಜಾಗದಲ್ಲಿಟ್ಟ ಪುಸ್ತಕಗಳನ್ನು ಹುಡುಕಿ ಸರಿಯಾದ ಜಾಗದಲ್ಲಿಡುವ ಆಟವೊಂದನ್ನು ಚೀಲಕ್ಕೆ ಹಾಕಿದರು. ಬಂದೂಕಿನ ಆಟ ವಾರದಲ್ಲಿ ಮೂಲೆ ಸೇರಿತು. ಲೈಬ್ರರಿಯಲ್ಲಿ ಎರಡು ತಿಂಗಳು ಇದ್ದೆ. ಆಮೇಲೆ ಅವರು ಕೊಟ್ಟದ್ದನ್ನೆಲ್ಲ ಆಡಿದೆ. ಕೆಲವನ್ನು ಮುಗಿಸಿದೆ, ಕೆಲವನ್ನು ಅರ್ಧಕ್ಕೇ ಬಿಟ್ಟು ಎಲ್ಲಿ ಬಿಟ್ಟೆನೆಂದು ನಿಜವನ್ನೇ ಬರೆದೆ. ಆಮೇಲೆ ನಮ್ಮ ಆಫೀಸಿನವರಿಗೂ ಹೇಳತೊಡಗಿದೆ. ಅವರೂ ತಲೆ ಆಡಿಸಿದರು. ಯಾರೂ ಆಡಲಿಲ್ಲ.

ಭಾಯ್ ಬಹಳ ಜನಕ್ಕೆ ಕೊಟ್ಟದ್ದು, ಎಲ್ಲರೂ ಮುಗಿಸದೆ ವಾಪಸ್ ತಂದದ್ದು ಒಂದೇ ಆಟ. ಅದರ ಇಂಗ್ಲಿಷ್ ಹೆಸರು ಹೇಳಿದರೆ ನೀವು ಕೇಳಿರುವುದಿಲ್ಲ. ಅಂಗಡಿಯಲ್ಲಿ ಎಲ್ಲರೂ ಅದನ್ನು ದೋಣಿ ಆಟ ಅನ್ನುತ್ತಿದ್ದರು. ಯಾವುದೋ ದೇಶದ ಮೂರು ಜನ ಸೇರಿ ಮಾಡಿ, ಕಂಪನಿ ಮುಚ್ಚಿಕೊಂಡು ಹೋದ ಆಟ. ಡಬ್ಬಿಯ ಮೇಲೆ ಬೂದು ನೀರು, ಖಾಲಿ ದೋಣಿ, ಬೇರೇನೂ ಇಲ್ಲ. ಅಣೆಕಟ್ಟು ಕಟ್ಟಿ ಮುಳುಗಲಿರುವ ಒಂದು ಊರು. ನೀವು ಅಂಬಿಗ. ನಲವತ್ತು ದಿನ ಜನರನ್ನು ಆಚೆ ದಡಕ್ಕೆ ಸಾಗಿಸಬೇಕು. ದೋಣಿಗೆ ಹತ್ತಿದವರು ಮಾತಾಡುತ್ತಾರೆ, ನೀವು ಹುಟ್ಟು ಹಾಕುತ್ತ ಕೇಳಬೇಕು. ಬಂದೂಕಿಲ್ಲ, ಅಂಕಗಳಿಲ್ಲ, ಬಿಟ್ಟು ಓಡುವಂತೆಯೂ ಇಲ್ಲ. ನಲವತ್ತನೇ ದಿನ ಏನೋ ಆಗುತ್ತದೆ. ಏನೆಂದು ಭಾಯ್ ಹೇಳುವುದಿಲ್ಲ.

ಅದರ ಡಬ್ಬಿಯ ಹಾಳೆಯನ್ನು ನೋಡಿದ್ದೇನೆ. 'ಮೂರನೇ ದಿನ, ನಿದ್ದೆ ಬಂತು.' 'ಏಳನೇ ದಿನ, ಪರೀಕ್ಷೆ ಬಂತು.' 'ಮೊದಲ ದಿನ, ಆಟ ಯಾವಾಗ ಶುರುವಾಗುತ್ತೆ?' ಇದನ್ನು ಬರೆದವನು ಸಿಕ್ಕರೆ ಎರಡು ಮಾತಾಡುವುದಿದೆ. ಉರ್ದುವಿನಲ್ಲಿ ಯಾರೋ ಹನ್ನೆರಡನೇ ದಿನ ನಿಲ್ಲಿಸಿದ್ದರು. ಎಲ್ಲಕ್ಕಿಂತ ದೂರ ಹೋದವರು ಸಂಜೀವಪ್ಪನವರು. ದೂರವಾಣಿ ನಗರದ ಕಾರ್ಖಾನೆಯಿಂದ ನಿವೃತ್ತರಾದವರು, ಅರವತ್ತೆಂಟು ವರ್ಷ, ಕೆ.ಆರ್. ಪುರದಿಂದ ಬಸ್ಸು ಹಿಡಿದು ಬರುತ್ತಾರೆ. ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಇಪ್ಪತ್ತಾರನೇ ದಿನ. ಕಣ್ಣಿನ ಆಪರೇಷನ್. ಆಮೇಲೆ ಮುಂದುವರಿಸುತ್ತೇನೆ.' ಎಂಟು ವರ್ಷದಲ್ಲಿ ಮುಗಿಸಿದವರು ಒಬ್ಬರೂ ಇಲ್ಲ.

ಭಾಯ್‌ಗೆ ಅದು ಯಾಕೆ ಅಷ್ಟು ಮುಖ್ಯ ಎಂದು ನನಗೆ ಹೇಳಿದವರು ಅವರ ಹೆಂಡತಿ ಮಜೀದಾ. ಮಧ್ಯಾಹ್ನ ಊಟ ತಂದು, ಅವರು ಉಂಡು ಮುಗಿಸುವವರೆಗೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತಾರೆ. ಎಂಟು ವರ್ಷದ ಹಿಂದೆ ಭಾಯ್ ದೋಣಿ ಆಟ ಮುಗಿಸಿದ ದಿನ ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲವಂತೆ. ಏನಾಯ್ತು ಎಂದರೆ, ದಡದಲ್ಲಿ ಒಬ್ಬರು ನಿಂತಿದ್ರು ಎಂದಷ್ಟೇ ಅಂದರಂತೆ. ಮಜೀದಾ ನಕ್ಕರು. "ಅವತ್ತಿಂದ ಕಾಯ್ತಿದಾರೆ. ಯಾರಾದ್ರೂ ಒಬ್ರು ಮುಗಿಸ್ಲಿ, ಕೂರಿಸ್ಕೊಂಡು ಒಂದು ಚಾಯ್ ಕುಡೀತಾ ಮಾತಾಡ್ತೀನಿ ಅಂತ. ನಂಗಂತೂ ಈ ಆಟ ಗೀಟ ಬರಲ್ಲ."

ಒಬ್ಬ ಮನುಷ್ಯನ ಆಸೆ ಇಷ್ಟೇ. ಈ ಊರಿನ ಜನ ಒಂದು ಚಹಾದಷ್ಟು ಮಾತನ್ನೂ ಅವರಿಗೆ ಕೊಡಲಿಲ್ಲವಲ್ಲ.

ಹೋದ ವರ್ಷ ವಿಕ್ರಮ್ ಬಂದ. ಇಂದಿರಾನಗರದವನು, ವಿಡಿಯೋ ಗೇಮುಗಳ ಬಗ್ಗೆ ಯೂಟ್ಯೂಬಿನಲ್ಲಿ ಮಾತಾಡುವವನು, ಲಕ್ಷಗಟ್ಟಲೆ ಜನ ನೋಡುತ್ತಾರೆ. ಅರ್ಧ ದಿನ ಅಂಗಡಿಯಲ್ಲಿ ಕೂತು ಭಾಯ್ ಹೇಳಿದ್ದನ್ನೆಲ್ಲ ಬರೆದುಕೊಂಡ. ಹತ್ತು ಆಟಗಳನ್ನು ತೆಗೆದುಕೊಂಡು ಹೋಗಿ ಮೂರನೇ ದಿನಕ್ಕೆ ವಾಪಸ್ ತಂದ. ಹತ್ತು ಹಾಳೆಗಳಲ್ಲೂ ಎಲ್ಲಿ ನಿಲ್ಲಿಸಿದೆನೆಂದು ಬರೆಯುವ ಜಾಗದಲ್ಲಿ ತನ್ನ ಚಾನೆಲ್ಲಿನ ಹೆಸರು ಬರೆದಿದ್ದ. ವಾರ ಕಳೆದು ವಿಡಿಯೋ ಬಂತು: ಯಾರೂ ಹೇಳದ ಹತ್ತು ಆಟಗಳು. ಭಾಯ್ ಗಿರಾಕಿಗಳಿಗೆ ಕೇಳುವ ಬಸ್ಸಿನ ಕಿಟಕಿಯ ಪ್ರಶ್ನೆಯನ್ನೂ ಬಿಡದೆ ತನ್ನದೆಂಬಂತೆ ಹೇಳಿದ್ದ. ಗಯಾಜ್ ಅನ್ನುವ ಹೆಸರಿರಲಿ, ಶಿವಾಜಿನಗರದ ಹೆಸರೂ ಅದರಲ್ಲಿ ಇರಲಿಲ್ಲ. ಮೊದಲನೇ ಸ್ಥಾನ ದೋಣಿ ಆಟಕ್ಕೆ. ಕೊನೆಯ ನಾಲ್ಕು ನಿಮಿಷ ನಲವತ್ತನೇ ದಿನ ಏನಾಗುತ್ತದೆ ಎಂದು ತೋರಿಸಿಯೇ ಬಿಟ್ಟಿದ್ದ. ಅದೂ ಅವನು ಆಡಿದ್ದಲ್ಲ, ಹೊರದೇಶದ ಯಾರೋ ಆಡಿ ಹಾಕಿದ್ದನ್ನು ಎತ್ತಿಕೊಂಡಿದ್ದ. ಆ ನಾಲ್ಕು ನಿಮಿಷ ಬಂದಾಗ ನಾನು ಫೋನ್ ಆರಿಸಿದೆ.

ಆಮೇಲೆ ಗಲ್ಲಿಯ ತುಂಬ ಜನ. ದೋಣಿ ಆಟ ಇದೆಯಾ, ದೋಣಿ ಆಟ ಇದೆಯಾ. ಎಂಟು ವರ್ಷ ಮೂಗು ಮುರಿದವರಿಗೆ ಯೂಟ್ಯೂಬಿನವನು ಹೇಳಿದ ತಕ್ಷಣ ಕಿವಿ ಬಂತು. ಭಾಯ್ ಇದ್ದ ಒಂದೇ ಸಿಡಿಯನ್ನು ಸಂಭ್ರಮದಿಂದ ಕೊಟ್ಟರು. ಒಬ್ಬ ಮರುದಿನವೇ ತಂದ, ಇನ್ನೊಬ್ಬ ಅದೇ ಸಂಜೆ. ಹೇಗೂ ಕೊನೆ ನೋಡಿದ್ದೀವಲ್ಲ ಅಂಕಲ್ ಎಂದು ಹಲ್ಲು ಕಿರಿದ. ಭಾಯ್ ಪರವಾಗಿಲ್ಲ ಬಿಡಿ ಎಂದು ಸಿಡಿ ಒರೆಸಿ ಒಳಗಿಟ್ಟರು. ಅವರ ಬದಲು ನಾನು ಕುದ್ದೆ. ವಿಡಿಯೋದ ಕೆಳಗೆ ಉದ್ದನೆಯ ಕಾಮೆಂಟ್ ಹಾಕಿದೆ. ಆಡದೆ ಆಡಿದೆನೆನ್ನುವುದು ಕಳ್ಳತನ, ಒಬ್ಬರು ಪ್ರೀತಿಯಿಂದ ಕೈಗಿಟ್ಟದ್ದನ್ನು ಇಂಥವರು ಹಾಳು ಮಾಡುತ್ತಾರೆ, ನಾಚಿಕೆಯಾಗಬೇಕು ಎಂದೆಲ್ಲ ಬರೆದೆ. ಅವನು ಅದಕ್ಕೊಂದು ಕೆಂಪು ಹೃದಯ ಒತ್ತಿದ. ನನ್ನ ರಕ್ತ ಇನ್ನಷ್ಟು ಕುದಿಯಿತು.

ಮುಂದಿನ ಶನಿವಾರ ಅಂಗಡಿಗೆ ಹೋಗಿ, ನನಗೆ ಕೊಡಿ ಭಾಯ್, ನಾನು ಮುಗಿಸ್ತೀನಿ ಎಂದೆ. ಮಿಕ್ಸಿಯವರಿಗೂ ಕೇಳುವಷ್ಟು ಜೋರಾಗಿ ಅಂದೆ. ಭಾಯ್ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟರು.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಮೂರನೇ ದಿನದ ಆಟದಲ್ಲಿ ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಅಜ್ಜಿ ದೋಣಿ ಹತ್ತಿದಳು. ಕೋಳಿಯ ಹೆಸರು ಹೇಳಲು ಅರ್ಧ ಹೊಳೆ ದಾಟಬೇಕಾಯಿತು. ಮತ್ತೆ ಕರೆದಳು, ಮತ್ತೆ ಹತ್ತಿಸಿಕೊಂಡೆ. ಫೋನ್ ಮಾಡಿ ಭಾಯ್‌ಗೆ ಅದನ್ನು ಹೇಳಿದೆ. ಅವರು ನಕ್ಕು, ಮುಂದೆ ಹೋಗಿ ಮೇಡಂ, ಮುಂದೆ ಹೋಗಿ ಎಂದರು.

ಹನ್ನೊಂದನೇ ದಿನ ನಿಲ್ಲಿಸಿದೆ. ಕಾರಣ ಕೇಳಿದರೆ ಪಟ್ಟಿಯೇ ಇದೆ. ಮಳೆಗೆ ರಿಂಗ್ ರೋಡಿನಲ್ಲಿ ಮೊಣಕಾಲುದ್ದ ನೀರು, ಮನೆ ಸೇರುವಷ್ಟರಲ್ಲಿ ಹೆಣವಾಗಿರುತ್ತಿದ್ದೆ, ಆಫೀಸಿನಲ್ಲಿ ಆಡಿಟ್. ನಿಜ ಹೇಳಬೇಕೆಂದರೆ ನನಗೆ ಬೇಸರವಾಗಿತ್ತು. ಹುಟ್ಟು ಹಾಕಿ ಹಾಕಿ ಸಾಕಾಗಿತ್ತು. ಅಷ್ಟೇ ಆಗಿದ್ದರೆ ಹಾಳೆಯಲ್ಲಿ ಬರೆಯಬಹುದಿತ್ತು. ಅಲ್ಲಿ ನನಗಿಂತ ಮೊದಲು ನಿಲ್ಲಿಸಿದವರೇ ಹೆಚ್ಚು. ಆದರೆ ನಾನು ಗಲ್ಲಿಯೆಲ್ಲ ಕೇಳುವಂತೆ ಮುಗಿಸ್ತೀನಿ ಅಂದವಳು. ಎರಡೂವರೆ ತಿಂಗಳು ಡಬ್ಬಿ ಟಿ.ವಿ. ಪಕ್ಕ ಕೂತಿತ್ತು. ಭಾಯ್ ಒಂದು ಫೋನೂ ಮಾಡಲಿಲ್ಲ, ಏನಾಯ್ತು ಎಂದು ಕೇಳಲಿಲ್ಲ. ಕೇಳಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಒಂದು ಭಾನುವಾರ ಬೆಳಿಗ್ಗೆ, ಕಾಫಿ ಕುಡಿಯುತ್ತ, ವಿಕ್ರಮನ ವಿಡಿಯೋದ ಕೊನೆಯ ನಾಲ್ಕು ನಿಮಿಷ ನೋಡಿದೆ. ಡಬ್ಬಿಯ ಹಾಳೆ ಬಿಡಿಸಿ, ಕೊನೆಯಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ 'ಮುಗಿಸಿದೆ' ಎಂದು ಬರೆದೆ.

ಶನಿವಾರ ಮಧ್ಯಾಹ್ನ ಹೋದಾಗ ಭಾಯ್ ಊಟ ಮಾಡುತ್ತಿದ್ದರು. ಹಾಳೆ ಬಿಡಿಸಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು. ಮಜೀದಾರನ್ನು ಕರೆದು, ಮೇಡಂ ಮುಗಿಸಿದಾರೆ ಎಂದರು. ಅವರು ಉರ್ದುವಿನಲ್ಲಿ ಏನೋ ಹೇಳಿ, ತಾವೇ ಗಲ್ಲಿಯ ಕೊನೆಗೆ ಹೋಗಿ ಸುಲೈಮಾನಿ ಚಹಾವನ್ನು ಗ್ಲಾಸಿನಲ್ಲಿ ತಂದರು. ಗಿರಾಕಿ ಒಬ್ಬ ಬಂದ. ಭಾಯ್ ಅವನಿಗೆ ಹತ್ತು ನಿಮಿಷ ಬಿಟ್ಟು ಬರಲು ಹೇಳಿದರು. ಗಿರಾಕಿಯನ್ನು ಹಾಗೆ ಕಳಿಸಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ನನಗೆ ಸ್ಟೂಲು ಹಾಕಿ, ಎದುರಿಗೆ ಕೂತು, ಮಿಕ್ಸಿ ನಿಲ್ಲುವವರೆಗೆ ಕಾದರು.

"ಹೇಳಿ ಮೇಡಂ. ಕೊನೇಲಿ ನಿಮ್ ದಡದಲ್ಲಿ ಯಾರಿದ್ರು?"

"ಆ ಕೋಳಿ ಅಜ್ಜಿ," ಅಂದೆ. "ಒಬ್ಳೇ ನಿಂತಿದ್ಳು. ತುಂಬಾ ಬೇಜಾರಾಯ್ತು ಭಾಯ್."

ಭಾಯ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಚಹಾ ಎತ್ತಿ ಒಂದು ಗುಟುಕು ಕುಡಿದರು. ಕೋಳಿ ಅಜ್ಜಿನಾ ಎಂದು ಮತ್ತೊಮ್ಮೆ ಕೇಳಿದರು. ಹೌದು ಅಂದೆ. ಒಳ್ಳೆ ಆಟ ಅಲ್ವಾ ಎಂದರು. ತುಂಬಾ ಒಳ್ಳೆ ಆಟ ಅಂದೆ. ತಮಗೆ ಕಂಡವರು ಯಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಮುಗಿಯಿತು. ಹೊರಡುವಾಗ ಅವರು ಎಂದಿನಂತೆ ಹಿಂದಿನ ಗೂಡಿನತ್ತ ತಿರುಗಿದರು, ಸ್ವಲ್ಪ ಹೊತ್ತು ನಿಂತರು, ಅದಕ್ಕೆ ಕೈ ಹಾಕದೆ ಮುಂದಿನ ಕಪಾಟಿನಿಂದ ಒಂದನ್ನು ತೆಗೆದು ನನ್ನ ಚೀಲಕ್ಕೆ ಹಾಕಿದರು. ಯಾವ ಬಸ್ಸಿನಲ್ಲಿ ಬಂದೆನೆಂದು ಕೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಜಾಗ ಹಿಡಿದು ಕೂತು ಚೀಲ ಬಿಚ್ಚಿದೆ. ಬಂದೂಕು ಹಿಡಿದು ಓಡುವ ಆಟ. ಬಂದವರಿಗೆಲ್ಲ ಕೊಡುವುದು. ನಾಲ್ಕು ವರ್ಷದ ಹಿಂದೆ ನಾನು ಮೊದಲ ಸಲ ಕೇಳಿ ಒಯ್ದದ್ದೂ ಅದೇ.

ತಪ್ಪಿ ಹಾಕಿರಬೇಕು ಅಂದುಕೊಂಡೆ. ಬಸ್ಸು ಹಲಸೂರು ಕೆರೆ ದಾಟುವಾಗ ಮನಸ್ಸು ತಡೆಯದೆ ವಿಕ್ರಮನ ವಿಡಿಯೋ ತೆರೆದು, ನಾನು ಬರೆದ ಕಾಮೆಂಟಿಗೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ ಎಂದು ಮೊದಲ ಬಾರಿಗೆ ನೋಡಿದೆ. ಯಾರೋ ಗೊತ್ತಿಲ್ಲದವರು ನನ್ನನ್ನು ಒಪ್ಪಿ ಬರೆದಿದ್ದರು. ಈ ವಿಡಿಯೋದ ಕೊನೆ ನೋಡಿ ಮೋಸ ಹೋಗಬೇಡಿ, ಆ ಕೊನೆ ಒಬ್ಬೊಬ್ಬರಿಗೆ ಒಂದೊಂದು ಥರ, ನಾವು ನಲವತ್ತು ದಿನದಲ್ಲಿ ಒಮ್ಮೆಯೂ ದೋಣಿಗೆ ಹತ್ತಿಸದವರೇ ಕೊನೆಗೆ ದಡದಲ್ಲಿ ನಿಂತಿರುತ್ತಾರೆ ಎಂದು.

ವಿಡಿಯೋದ ಕೊನೆಯಲ್ಲಿ ದಡದಲ್ಲಿ ನಿಂತಿದ್ದ ಆ ಅಜ್ಜಿಯನ್ನು ನಾನು ಎರಡು ಸಲ ಹತ್ತಿಸಿದ್ದೆ. ಮೂರನೇ ದಿನ. ನಾನೇ ಫೋನ್ ಮಾಡಿ ಹೇಳಿದ್ದೆ.

ನನ್ನ ಮೇಜಿಗೆ ಇಂಥ ಕ್ಲೇಮ್ ಬಂದಿದ್ದರೆ ಎರಡನೇ ಸಲ ನೋಡದೆ ತಿರಸ್ಕರಿಸುತ್ತಿದ್ದೆ, ಮೇಲೆ ನಾಲ್ಕು ಮಾತು ಬರೆಯುತ್ತಿದ್ದೆ. ಭಾಯ್ ನನಗೆ ಚಹಾ ಕುಡಿಸಿ ಕಳಿಸಿದರು. ಉತ್ತರದ ಮೇಲೆ ನನ್ನ ಉದ್ದನೆಯ ಕಾಮೆಂಟ್ ಇತ್ತು. ಆಡದೆ ಆಡಿದೆನೆನ್ನುವುದು ಕಳ್ಳತನ, ನಾಚಿಕೆಯಾಗಬೇಕು. ಅಕ್ಷರ ಅಕ್ಷರವೂ ನನಗೇ ಬರೆದದ್ದು. ಕಪಾಳಕ್ಕೆ ಬಿದ್ದಂತಾಯಿತು. ಸ್ಟಾಪು ಬಂದದ್ದು ತಿಳಿಯದೆ ಎರಡು ಸ್ಟಾಪು ಮುಂದೆ ಇಳಿದೆ.

ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ವಿಕ್ರಮನನ್ನು ಬೈದುಕೊಂಡೆ, ಅವನು ಆ ನಾಲ್ಕು ನಿಮಿಷ ಹಾಕದಿದ್ದರೆ ನಾನು ನೋಡುತ್ತಿದ್ದೆನೆ ಎಂದು. ಭಾಯ್ ಮೇಲೂ ಸಿಟ್ಟು ಬಂತು, ಮುಖಕ್ಕೆ ಹೇಳಬಾರದಿತ್ತೇ ಎಂದು. ಯಾವ ಸಿಟ್ಟೂ ಎರಡು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ನಾಲ್ಕನೇ ಶನಿವಾರ ಎದ್ದು ಹೊರಟೆ.

ಗಲ್ಲಿಗೆ ತಿರುಗುವಾಗಲೇ ನಗು ಕೇಳಿಸಿತು. ಭಾಯ್ ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ. ನನಗೆ ಹಾಕಿದ್ದ ಸ್ಟೂಲಿನ ಮೇಲೆ ಸಂಜೀವಪ್ಪನವರು ಕೂತಿದ್ದರು. ಎರಡೂ ಕಣ್ಣಿನ ಆಪರೇಷನ್ ಮುಗಿದು ಹೊಸ ಕನ್ನಡಕ ಬಂದಿತ್ತು. ಆ ಕನ್ನಡಕವನ್ನು ಕೈಯಲ್ಲಿ ಹಿಡಿದು, ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ, ಏನನ್ನೋ ಎಡೆಬಿಡದೆ ಹೇಳುತ್ತಿದ್ದರು. ಎದುರಿಗೆ ಭಾಯ್ ಮಂಡಿ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದ್ದರು. ನಡುವೆ ಎರಡು ಗ್ಲಾಸು ಚಹಾ, ಕೆನೆ ಕಟ್ಟಿ ತಣ್ಣಗಾಗಿತ್ತು. ಮಿಕ್ಸಿ ಗಿರ್ ಅನ್ನುತ್ತಲೇ ಇತ್ತು. ಯಾರೂ ಕಾಯುತ್ತಿರಲಿಲ್ಲ.

ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಭಾಯ್ ನೋಡಿದರು. ಸಂಜೀವಪ್ಪನವರ ಕಡೆ ಅಂಗೈ ಎತ್ತಿದರು.

"ಸ್ವಲ್ಪ ತಡೀರಿ ಸಾರ್," ಎಂದರು ಮೆಲ್ಲಗೆ. "ಮೇಡಂ ಇನ್ನೂ ಮುಗಿಸಿಲ್ಲ."

ಸಂಜೀವಪ್ಪನವರು ತಕ್ಷಣ ಬಾಯಿ ಮುಚ್ಚಿ, ಸಾರಿ ಕಣಮ್ಮ, ಗೊತ್ತಾಗ್ಲಿಲ್ಲ ಅಂದರು. ಗಲ್ಲಾಪೆಟ್ಟಿಗೆಯ ಮೇಲೆ ದೋಣಿ ಆಟದ ಡಬ್ಬಿ ತೆರೆದಿತ್ತು. ಹಾಳೆ ಬಿಡಿಸಿದೆ. ನಾನು ಬರೆದದ್ದನ್ನು ಭಾಯ್ ಹೊಡೆದು ಹಾಕಿರಲಿಲ್ಲ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಸಂಜೀವಪ್ಪನವರು 'ನಲವತ್ತನೇ ದಿನ' ಎಂದು ಬರೆದಿದ್ದರು. ಪೆನ್ನು ಕೇಳಿದೆ. ನನ್ನ ಸಾಲನ್ನು ಹೊಡೆದು, ಪಕ್ಕದಲ್ಲಿ ಬರೆದೆ: 'ಹನ್ನೊಂದನೇ ದಿನ. ಬೇಸರವಾಯಿತು. ಮುಗಿಸಿದೆನೆಂದು ಸುಳ್ಳು ಬರೆದಿದ್ದೆ.'

ಭಾಯ್ ಅದನ್ನು ಓದಿದರು. ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇವತ್ತು ಯಾವ ಬಸ್ಸಲ್ಲಿ ಬಂದ್ರಿ ಎಂದು ಕೇಳಿದರು. ಹೇಳಿದೆ. ಜಾಗ ಸಿಕ್ತಾ ಎಂದರು. ಇಲ್ಲ, ನಿಂತ್ಕೊಂಡೇ ಬಂದೆ ಅಂದೆ. ಇಬ್ಬರೂ ನಾನು ಹೋಗಲಿ ಎಂದು ಕಾಯುತ್ತಿದ್ದರು. ನಾನಿರುವವರೆಗೆ ಅವರು ಮಾತಾಡುವಂತಿರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಪರದೆ ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ ಮತ್ತೆ ಮಾತು ಶುರುವಾಯಿತು.